ಮೈಕಕ್ಕ ‘ಖಾಲಿ’ ಅಂದ ಮೇಲೇ ಗೇಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಳೆ ಏರಿಯ ಅಂಚಿಗೆ ಬಂದು ನಿಂತಿದೆ. ತಗ್ಗಿನ ಕೇರಿಯ ಓಣಿಯಲ್ಲಿ ಒಂದು ತರಕಾರಿ ಆಟೊ, ಅದರ ತಲೆ ಮೇಲೆ ಲೌಡ್‌ಸ್ಪೀಕರ್, ಒಳಗೆ ಗಂಟಲು ಕಿತ್ತುಹೋಗುವ ಹಾಗೆ ಕೂಗುತ್ತಿರುವ ಮೈಕಕ್ಕ. “ಕೋಡಿ ಗೇಟು ಎತ್ತುತ್ತಾರೆ, ಎಲ್ಲರೂ ಏರಿ ಹತ್ತಿ!” ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡ ಹಿರಿಯರೊಬ್ಬರು ಹೊರಗೆ ಬಂದು, “ಹೋದ ವರ್ಷಾನೂ ಹೀಗೇ ಬಡ್ಕೊಂಡೆ, ಎಲ್ಲಮ್ಮಾ ಬಂತು ನೀರು?” ಅನ್ನುತ್ತಾರೆ.

“ಬರಲಿಲ್ಲ ಅಂತ ಬೇಜಾರಾ ನಿಮಗೆ?” ಮೈಕಕ್ಕನ ಉತ್ತರ ಮೈಕಿನಲ್ಲೇ ಇಡೀ ಕೇರಿಗೆ ಕೇಳುತ್ತದೆ.

ಏರಿ ಒಡೆದರೆ ಆಚೆಯ ಪೇಟೆ, ಆಸ್ಪತ್ರೆ ಸಮೇತ, ನೀರುಪಾಲು. ಹೆಚ್ಚಾದ ನೀರನ್ನು ಕೋಡಿ ಗೇಟಿನಿಂದ ಬಿಟ್ಟರೆ ಮುಳುಗುವುದು ಈ ತಗ್ಗಿನ ಕೇರಿ ಮಾತ್ರ. ಗೇಟು ಎತ್ತಿಸುವವರು ಇಂಜಿನಿಯರ್ ಸಾಹೇಬರು. ಆದರೆ ಕೇರಿಯಲ್ಲಿ ಒಂದು ನರಪಿಳ್ಳೆ ಇದ್ದರೂ ಅವರು ಗೇಟಿಗೆ ಕೈ ಹಾಕಿಸುವುದಿಲ್ಲ. ಕೇರಿ ಖಾಲಿಯಾಯಿತೆಂದು ಫೋನು ಮಾಡಬೇಕಾದವರು ದಿನಗೂಲಿಯ ಈ ಹೆಂಗಸು.

ಉಳಿದ ದಿನ ಇದೇ ಆಟೊದಲ್ಲಿ ತರಕಾರಿ ಮಾರುತ್ತಾರೆ. ಆ ಕೂಗು ಕೇಳಿಯೇ ನೀರಾವರಿ ಕಚೇರಿಯವರು ಕರೆದು ಮೈಕು ಕೊಟ್ಟಿದ್ದು. “ಬದನೆಕಾಯಿ ಅಂದ್ರೆ ಓಡಿ ಬರ್ತಾರೆ. ಪ್ರಾಣ ಉಳಿಸ್ಕೊಳ್ಳಿ ಅಂದ್ರೆ ಚೌಕಾಶಿ ಮಾಡ್ತಾರೆ. ಇವ್ರನ್ನ ಕಟ್ಕೊಂಡು ಏನ್ ಮಾಡ್ಲಿ ಹೇಳಿ?” ಹೇಳುವುದೇನು, ಎದುರಿಗೇ ಉದಾಹರಣೆ ಇದೆ. ಟಿವಿ ಸಾಗಿಸಿ ಮುಗಿಸಿದ ದರ್ಜಿ ಏರಿಯಿಂದ ವಾಪಸ್ ಇಳಿದು ಬರುತ್ತಿದ್ದಾನೆ, ರಿಮೋಟ್ ಮರೆತನಂತೆ! ಮೈಕಕ್ಕ ಅವನ ರಟ್ಟೆ ಹಿಡಿದು ಆಟೊಗೆ ತಳ್ಳುತ್ತಾರೆ. “ಮೊದ್ಲು ನಿನ್ನ ಮನೆ ಖಾಲಿ ಮಾಡಿಸು,” ಅಂತ ಅವನು ಕುಳಿತಲ್ಲಿಂದಲೇ ಚುಚ್ಚುತ್ತಾನೆ.

ಅದೂ ನಿಜವೇ. ಮೈಕಕ್ಕನ ಮನೆ ಇರುವುದು ಇದೇ ಕೇರಿಯಲ್ಲಿ, ಗೇಟಿಗೆ ಎಲ್ಲಕ್ಕಿಂತ ಹತ್ತಿರ. ಸಾಲ ಮಾಡಿ ಗೋಡೆ ಎಬ್ಬಿಸಿ ಮೂರು ವರ್ಷವಾಗಿಲ್ಲ. ಊರಿನ ಪಾತ್ರೆ ಪಡಗ ಹೊರಲು ನೆರವಾದ ಈಕೆಗೆ ತಮ್ಮ ಮನೆಯ ಕಡೆ ತಿರುಗಲೂ ಪುರುಸೊತ್ತು ಸಿಕ್ಕಿಲ್ಲ. ಮಕ್ಕಳು ಆಗಲೇ ಏರಿಯ ಮೇಲಿದ್ದಾರೆ. ಗಂಡ ಮಾತ್ರ ಕಾಣಿಸುತ್ತಿಲ್ಲ.

ಫೋನು ಬಡಿದುಕೊಳ್ಳುತ್ತದೆ. “ಏರಿ ಬುಡದಲ್ಲಿ ನೀರು ಜಿನುಗ್ತಿದೆ ಕಣಮ್ಮಾ, ಇನ್ನೆಷ್ಟೊತ್ತು?” ಸಾಹೇಬರು ಅವಸರ ಮಾಡುತ್ತಾರೆ.

ಮೈಕಕ್ಕ ಆಟೊ ತಿರುಗಿಸಿ ಮನೆಗೆ ನುಗ್ಗುತ್ತಾರೆ. ಗಂಡ ಹೊಸ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಮುಂಬಾಗಿಲು ಬಿಚ್ಚುತ್ತಿದ್ದಾರೆ.

“ತೇಗದ್ದು ಕಣೇ. ಇನ್ನೆರಡೇ ಸ್ಕ್ರೂ.”

“ರೀ, ಮೊದ್ಲು ನಿಮ್ಮ ತಲೇಲಿರೋ ಸ್ಕ್ರೂ ಬಿಗಿ ಮಾಡ್ಕೊಳ್ಳಿ! ಪೇಟೆ ಮುಳುಗೋ ಹೊತ್ತಲ್ಲಿ ಬಾಗಿಲಂತೆ ಬಾಗಿಲು!” ಬೈಯುತ್ತ ಬೈಯುತ್ತಲೇ ಅವರ ಕಣ್ಣು ತುಂಬುತ್ತದೆ. ಅದನ್ನು ಕಂಡ ಗಂಡ ಬಾಗಿಲನ್ನು ಅಲ್ಲೇ ಬಿಟ್ಟು ಆಟೊ ಹತ್ತುತ್ತಾರೆ.

ಏರಿಯ ಮೇಲೆ ಕೇರಿಯ ಒಬ್ಬೊಬ್ಬರ ಮುಖವನ್ನೂ ನೋಡಿಕೊಂಡು ಮೈಕಕ್ಕ ಫೋನು ಎತ್ತುತ್ತಾರೆ.

“ಖಾಲಿ ಸಾರ್.”

“ಪೂರ್ತಿನಾ? ನಿಮ್ಮನೇನೂ?”

ಅವರು ಒಮ್ಮೆ ಕೆಳಗೆ ನೋಡುತ್ತಾರೆ.

“ನಮ್ಮನೇಲಿ ಬಾಗಿಲೊಂದು ಉಳಿದಿದೆ ಸಾರ್. ಅದಕ್ಕೆ ಈಜು ಬರುತ್ತೆ. ನೀವು ಎತ್ತಿಸಿ.”