ಕಾರಿನಲ್ಲೇ ಬಿಟ್ಟ ಮರಳಿನ ಚೀಲ

ಎಲೆಕ್ಟ್ರಾನಿಕ್ ಸಿಟಿಯ ಸುತ್ತಮುತ್ತ ಫೋಟೊ ತೆಗೆದೇ ಬದುಕಿದವನು ನಾನು. ಬಯಲಿನಲ್ಲಿ ಲೈಟಿನ ಸ್ಟ್ಯಾಂಡ್ ಹೇಗೆ ನಿಲ್ಲಿಸಬೇಕೆಂದು ಬೇರೆಯವರಿಗೆ ಪಾಠ ಹೇಳುತ್ತಿದ್ದವನೂ ನಾನೇ.

ಆ ಸಂಜೆ ಬೇಗೂರು ಕೆರೆಯ ಏರಿಯ ಮೇಲೆ ಒಬ್ಬ ತಾಯಿ, ಮಗಳ ಫೋಟೊ ತೆಗೆಯಬೇಕಿತ್ತು. ತಾಯಿ ಧಾರವಾಡದ ಕಡೆಯವರು. ಎಂಬತ್ತು ದಾಟಿತ್ತು, ಗಾಲಿಕುರ್ಚಿಯಲ್ಲಿದ್ದರು. ಅಪಾರ್ಟ್‌ಮೆಂಟಿನ ಗೋಡೆ ನೋಡಿ ಸಾಕಾಗಿದೆ, ಫೋಟೊದಲ್ಲಾದರೂ ನೀರು, ಆಕಾಶ ಇರಲಿ ಎಂದು ಹಟ ಹಿಡಿದಿದ್ದರಂತೆ. ಮಗಳು ಶಾಲೆಯಲ್ಲಿ ಗಣಿತ ಕಲಿಸುವವರು.

ಸ್ಟ್ಯಾಂಡ್ ಬೀಳದಂತೆ ಅದರ ಕಾಲಿಗೆ ಹೇರುವ ಮರಳಿನ ಚೀಲಗಳು ಕಾರಿನಲ್ಲಿದ್ದವು. ಕಾರು ದೂರದಲ್ಲಿತ್ತು. ಗಾಳಿಯೂ ಇರಲಿಲ್ಲ. ಹತ್ತು ನಿಮಿಷದ ಕೆಲಸ ಎಂದುಕೊಂಡು ಹಾಗೆಯೇ ಶುರು ಮಾಡಿದೆ. ನಾಲ್ಕನೆಯ ಫೋಟೊಗೆ ಕ್ಯಾಮೆರಾಕ್ಕೆ ಕಣ್ಣಿಟ್ಟಾಗ ಕೆರೆಯ ಕಡೆಯಿಂದ ಒಮ್ಮೆಲೇ ಗಾಳಿ ಬೀಸಿತು. ಬೆಳಕು ಮೃದುವಾಗಲೆಂದು ಲೈಟಿಗೆ ಕಟ್ಟಿದ್ದ ಬಟ್ಟೆಯ ಸಾಫ್ಟ್‌ಬಾಕ್ಸ್ ಗಾಳಿ ತುಂಬಿಕೊಂಡು, ಸ್ಟ್ಯಾಂಡ್ ಸಮೇತ ತಾಯಿಯ ತಲೆಯತ್ತ ವಾಲಿತು. ನಾನು ಓಡುವಷ್ಟರಲ್ಲಿ ಮಗಳು ಕೈ ಅಡ್ಡ ಕೊಟ್ಟಿದ್ದರು. ಅವರ ಬಲಗೈ ಮಣಿಕಟ್ಟು ಮುರಿಯಿತು.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದವರು ನನಗೇ ಸಮಾಧಾನ ಹೇಳಿದರು. ಗಾಳಿ ಬಂದರೆ ನೀವೇನು ಮಾಡೋಕಾಗುತ್ತೆ, ಬಿಡಿ ಎಂದರು. ತಲೆಯಾಡಿಸಿ ಬಂದುಬಿಡಬಹುದಿತ್ತು. ಅರೆಕ್ಷಣ ಹಾಗೆ ಮಾಡಲು ಮನಸ್ಸೂ ಆಯಿತು.

"ಗಾಳಿ ಅಲ್ಲ ಮೇಡಂ. ಚೀಲ ಕಾರಲ್ಲೇ ಇತ್ತು. ಹೊತ್ಕೊಂಡ್ ಬರೋಕೆ ಸೋಮಾರಿತನ ಮಾಡ್ಬಿಟ್ಟೆ."

ಮಗಳ ಮುಖ ಬಿಗಿಯಾಯಿತು. ಪಕ್ಕದಲ್ಲಿದ್ದ ತಾಯಿ ಮಾತಾಡಿದರು: "ಫೋಟೊ ಇನ್ನೂ ಆಗಿಲ್ಲಲ್ಲಪಾ. ಮತ್ತ ಬಾ. ಚೀಲ ತಗೊಂಡು ಬಾ."

ಮೂರು ವಾರದ ನಂತರ ಅದೇ ಏರಿಗೆ ಹೋದೆವು. ಎರಡು ಸಲ ನಡೆದು ಚೀಲಗಳನ್ನು ತಂದೆ. ಸ್ಟ್ಯಾಂಡ್ ತಗ್ಗಿಸಿ, ಕಾಲುಗಳನ್ನು ಅಗಲಿಸಿ, ಭಾರ ಹೇರಿ, ಅಲುಗಾಡಿಸಿ ನೋಡಿದೆ. ಆದರೂ ಧೈರ್ಯ ಸಾಲದೆ, ಬಿದ್ದರೂ ತಾಗದಷ್ಟು ದೂರ ಕುರ್ಚಿಯನ್ನು ಸರಿಸಿದೆ. ಮಗಳು ಪ್ಲಾಸ್ಟರಿನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲು ಹೋದರೆ ತಾಯಿ ಬಿಡಲಿಲ್ಲ. ಆ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಹಾಗೆಯೇ ಫೋಟೊ ತೆಗೆದೆ.

ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ತಾಯಿ ತೀರಿಕೊಂಡರು. ಸುದ್ದಿ ತಿಳಿದು ಅವರ ಮನೆಗೆ ಹೋದೆ. ಮಾತಿನ ನಡುವೆ ಮಗಳು, ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆಯುವುದನ್ನು ಕಲಿಯುತ್ತಿದ್ದೇನೆ ಎಂದರು. ಬಲಗೈ ಎತ್ತಿ ಹಿಡಿದರೆ ಬೇಗ ನೋಯುತ್ತದಂತೆ. ದೂರುವ ದನಿ ಅದರಲ್ಲಿರಲಿಲ್ಲ.