ಹಡಗು ಬರುವ ಮುಂಚಿನ ಅಡುಗೆ

ನಮ್ಮ ಮನೆಯ ಒಗ್ಗರಣೆ ಡಬ್ಬಿಯಲ್ಲಿ ಏಳು ಬಟ್ಟಲುಗಳಿವೆ. ವರ್ಷಕ್ಕೊಂದು ದಿನ ಮಾತ್ರ ಅವು ಆರಾಗುತ್ತವೆ. ಅಪ್ಪನ ತಿಥಿಯ ಹಿಂದಿನ ಸಂಜೆ ಒಣಮೆಣಸಿನಕಾಯಿಯ ಬಟ್ಟಲನ್ನು ಎತ್ತಿ, ಕೊಚ್ಚಿಯ ಕಾಕ್ಕನಾಡಿನ ನಮ್ಮ ಫ್ಲಾಟಿನ ಬಾಲ್ಕನಿಗೆ ಗಡೀಪಾರು ಮಾಡುವುದು ನನ್ನ ಪಾಲಿನ ಕೆಲಸ.

ತಿಥಿಯ ಅಡುಗೆಯ ಕಟ್ಟುಪಾಡು ನಿಮಗೂ ಗೊತ್ತಿರಬಹುದು. ಮೆಣಸಿನಕಾಯಿ ಕೂಡದು, ಆಲೂಗಡ್ಡೆ, ಮರಗೆಣಸು ಕೂಡದು, ಟೊಮೇಟೊ ಹೆಸರನ್ನೂ ಎತ್ತಕೂಡದು. ಖಾರಕ್ಕೆ ಕಾಳುಮೆಣಸು, ಪಲ್ಯಕ್ಕೆ ಬಾಳೆಕಾಯಿ, ಹಾಗಲಕಾಯಿ, ಸುವರ್ಣಗಡ್ಡೆ. ಇದಕ್ಕಿಂತ ಬಿಗಿಯಾದ ನಿಯಮವೆಂದರೆ, ಬ್ರಾಹ್ಮಣರ ಊಟ ಮುಗಿಯುವ ತನಕ ಆ ಅಡುಗೆಯನ್ನು ಮನೆಯವರು ಯಾರೂ ರುಚಿ ನೋಡುವಂತಿಲ್ಲ; ಉಣ್ಣುವವರೂ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಬಾಯಿ ಬಿಡುವಂತಿಲ್ಲ. ಯಾಕೆ ಹೀಗೆ ಎಂದು ಚಿಕ್ಕಂದಿನಲ್ಲಿ ಕೇಳಿದರೆ ಅತ್ತೆ, ಅಂದರೆ ನನ್ನ ಅಪ್ಪನ ಅಕ್ಕ, "ಪಿತೃಗಳಿಗೆ ಒಗ್ಗಲ್ಲ ಕಣೋ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು. ನನಗೆ ಮಾತು ಕಲಿಸಿದವರೇ ಅವರಾದ್ದರಿಂದ, ಅವರ ಮಾತಿನ ಮೇಲೆ ಮಾತಾಡುವ ಅಭ್ಯಾಸ ನನಗೆ ಬರಲಿಲ್ಲ.

ಆ ಉತ್ತರದೊಳಗೆ ಎಷ್ಟು ಶತಮಾನಗಳು ಮಡಚಿ ಕೂತಿವೆಯೆಂಬುದು ಹೊಳೆದದ್ದು ಈ ವರ್ಷ, ತಿಥಿಯ ಹಿಂದಿನ ದಿನ. ಮಗಳು ಅದಿತಿಗೆ ಚರಿತ್ರೆಯ ಪರೀಕ್ಷೆ. ಪಾಠ, ಮಧ್ಯಯುಗದ ಪ್ರಮುಖ ವ್ಯಕ್ತಿಗಳು ಮತ್ತು ತಿರುವುಗಳು. ಕುದುರೆಯೇರಿ ಅರ್ಧ ಭೂಮಿಯನ್ನು ಗೆದ್ದವರು, ಒಂಟೆಯೇರಿ ಅದನ್ನು ಕಂಡು ಬರೆದಿಟ್ಟವರು, ಊರಿಗೆ ಊರನ್ನೇ ನುಂಗಿದ ಪ್ಲೇಗು, ಕಟ್ಟಕಡೆಗೆ, ಕಾಳುಮೆಣಸಿನ ಘಾಟು ಹಿಡಿದು ಆಫ್ರಿಕವನ್ನು ಸುತ್ತಿ ಬಳಸಿ ಮಲಬಾರಿಗೆ ಬಂದಿಳಿದ ಪೋರ್ಚುಗೀಸ್ ಕಪ್ತಾನ. ಆತ ಕೊನೆಯುಸಿರೆಳೆದದ್ದು ನಮ್ಮ ಇದೇ ಕೊಚ್ಚಿಯಲ್ಲಿ. ಅವನ ಬೆನ್ನಿಗೆ ಬಂದ ಹಡಗುಗಳು ಮೆಣಸನ್ನು ಒಯ್ದು, ಭೂಮಿಯ ಆಚೆ ಮಗ್ಗುಲಿನ ಬೆಳೆಗಳನ್ನು ಒಂದೊಂದಾಗಿ ಇಳಿಸಿದವಂತೆ. ಮಗಳು ಓದುತ್ತ ಹೋದಳು: ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಮರಗೆಣಸು...

ನಾನು ದಂಗಾಗಿ ಕೂತೆ. ಅದು ಅತ್ತೆಯ ನಿಷೇಧದ ಪಟ್ಟಿ!

"ಅಪ್ಪಾ, ಎಂದಾ ಇಂಙನೆ ನೋಕ್ಕುನ್ನೇ?" ಎಂದಳು ಮಗಳು. ಏನು ಹೀಗೆ ನೋಡ್ತಿದ್ದೀಯ ಅಂತ. ನಾನು ಕನ್ನಡದಲ್ಲಿ ಕೇಳುವುದು, ಅವಳು ಮಲಯಾಳದಲ್ಲಿ ಉತ್ತರಿಸುವುದು ನಮ್ಮ ಮನೆಯ ರೂಢಿ.

ಹೇಗೆ ನೋಡದಿರಲಿ, ಹೇಳಿ? ಮಧ್ಯಯುಗ ಮುಗಿದುಹೋಯಿತೆಂದು ಪುಸ್ತಕ ಷರಾ ಬರೆದಿದೆ. ನಮ್ಮ ಗ್ಯಾಸ್ ಒಲೆಯ ಮೇಲೆ ಅದು ವರ್ಷಕ್ಕೊಮ್ಮೆ ಬೆಳಗ್ಗೆ ಬಂದು, ಮಧ್ಯಾಹ್ನ ಊಟ ಮುಗಿಸಿಕೊಂಡು ಹೋಗುತ್ತಿದೆ. ಹಡಗು ಬಂದ ಸುದ್ದಿ ನಮ್ಮ ಪಿತೃಗಳಿಗೆ ಇನ್ನೂ ಮುಟ್ಟಿಲ್ಲ. ಮುಟ್ಟದಂತೆ ಬಾಗಿಲು ಕಾದವರು ಯಾರು? ದೊರೆಯಲ್ಲ, ದಂಡನಾಯಕನಲ್ಲ, ಒದ್ದೆ ಸೀರೆಯುಟ್ಟು ಒಲೆಯ ಮುಂದೆ ನಿಂತ ಹೆಂಗಸರು. ಆ ಸಾಲಿನಲ್ಲಿ ನನಗೆ ಗೊತ್ತಿರುವ ಕೊನೆಯ ಹೆಸರು ಎಂಬತ್ತೆರಡು ವರ್ಷದ ನನ್ನ ಅತ್ತೆಯದು, ಅವರಾದರೂ ಒಂದಕ್ಷರವನ್ನೂ ಎಲ್ಲಿಯೂ ಬರೆದಿಟ್ಟವರಲ್ಲ ಎಂಬುದು ಆಗ ನೆನಪಾಯಿತು.

ಅದೇ ಸಂಜೆ ಅತ್ತೆ ತಿರುವನಂತಪುರದಿಂದ ರೈಲಿನಲ್ಲಿ ಬಂದಿಳಿದರು. ಅಲ್ಲಿ ಕೇಂದ್ರ ಸರ್ಕಾರದ ಕಚೇರಿಯಲ್ಲಿರುವ ಮಗ ಶ್ರೀಧರನ ಜೊತೆ ಅವರ ವಾಸ. ಶ್ರೀಧರ ಮೊದಲೇ ಫೋನಿನಲ್ಲಿ ಹೇಳಿದ್ದ: "ಈಚೆಗೆ ಅಮ್ಮನಿಗೆ ಮರೆವು ಜಾಸ್ತಿ ಕಣೋ. ಹಾಲಿಟ್ಟಿದ್ದು ಮರೀತಾಳೆ, ನನ್ನ ಹೆಂಡತಿ ಹೆಸರೂ ಒಂದೊಂದ್ಸಲ ಮರೀತಾಳೆ. ತಿಥಿ ಅಡುಗೆ ಒಂದು ಮಾತ್ರ ತಪ್ಪಿಲ್ಲ. ಆ ಧೈರ್ಯದ ಮೇಲೇ ಓಡಾಡ್ಕೊಂಡಿದಾಳೆ. ಅದನ್ನ ಮಾತ್ರ ಅವಳ ಕೈಯಿಂದ ತಪ್ಪಿಸಬೇಡ."

ಅತ್ತೆಯ ಬಾಯಲ್ಲಿ ಬರೀ ತಿರುವನಂತಪುರದ ಹತ್ತಿರದ ಹೊಸ ವಿಳಿಂಜಂ ಬಂದರಿನ ಮಾತು. "ಹಡಗೇನೋ ಅದು, ಒಂದು ಬೀದೀನೇ ತೇಲ್ಕೊಂಡು ಬಂದ ಹಾಗಿತ್ತು! ಇನ್ನೂ ಏನೇನು ತಂದು ಇಳಿಸ್ತಾರೋ." ಇದೇ ಸಮಯವೆಂದು ನಾನು ಕಪ್ತಾನನ ಕಥೆ ಬಿಚ್ಚಿದೆ. ಮೆಣಸಿನಕಾಯಿ ನಮ್ಮದಲ್ಲ ಎಂದದ್ದನ್ನು ಅವರು ನಂಬಲಿಲ್ಲ. ಆಮೇಲೆ ಬಿದ್ದು ಬಿದ್ದು ನಕ್ಕರು. "ಬರ್ಲಿ ಬಿಡು, ನಿನ್ನ ಕಪ್ತಾನ ಮುನ್ನೂರ ಅರವತ್ನಾಲ್ಕು ದಿನ ಉಂಡ್ಕೊಂಡು ಹೋಗ್ಲಿ. ತಿಥಿ ದಿನ ಒಲೆ ಹತ್ರ ಬಂದ್ರೆ ಸೌಟಲ್ಲಿ ಬಾರಿಸ್ತೀನಿ."

ಈ ಮಾತಿನ ಸಡಗರದಲ್ಲಿ ನಾನು ಬಟ್ಟಲು ತೆಗೆದಿಡುವುದನ್ನೇ ಮರೆತೆ.

ಮರುದಿನ ಹನ್ನೆರಡರ ಸುಮಾರಿಗೆ ಇಬ್ಬರು ಬ್ರಾಹ್ಮಣರು ಎಲೆಯ ಮುಂದೆ ಕೂತಿದ್ದರು. ಹಿರಿಯರಾದ ಶಾಸ್ತ್ರಿಗಳು ಕಾಸರಗೋಡಿನ ಕಡೆಯವರು, ಎರ್ನಾಕುಲಂನಲ್ಲಿ ನೆಲೆಸಿದವರು. ಸಂಕಲ್ಪವಾಗಿತ್ತು, ಅನ್ನ ಬಡಿಸಿಯಾಗಿತ್ತು. ಸಾರಿನ ಪಾತ್ರೆ ಹಿಡಿದು ನಾನು ಹಜಾರಕ್ಕೆ ಕಾಲಿಡುವಷ್ಟರಲ್ಲಿ, ಬಾಗಿಲ ಬಳಿ ನಿಂತಿದ್ದ ಅದಿತಿ ನನ್ನ ಪಂಚೆ ಜಗ್ಗಿ, ಬಿಳಿಚಿಕೊಂಡು ಪಿಸುಗುಟ್ಟಿದಳು: "ಅಪ್ಪಾ... ಮುಳಕ್!"

ಬಗ್ಗಿ ನೋಡಿದೆ. ಕಾಳುಮೆಣಸಿನ ಸಾರಿನ ಮೇಲೆ, ತುಪ್ಪದ ಕಣ್ಣುಗಳ ನಡುವೆ, ಮೂರು ಕೆಂಪು ಚೂರುಗಳು. ಒಣಮೆಣಸಿನಕಾಯಿ. ಮುರಿದು ಹಾಕಿದ್ದು.

ಬಾಗಿಲಲ್ಲೇ ನಿಂತೆ. ಅಡುಗೆಮನೆಯಲ್ಲಿ ಅತ್ತೆ ಹಗುರವಾಗಿ ಏನೋ ಗುನುಗುತ್ತ ಪಾಯಸ ತಿರುವುತ್ತಿದ್ದರು. ಸಾರನ್ನು ವಾಪಸು ಒಯ್ದರೆ ಯಾಕೆಂದು ಹೇಳಬೇಕು. ಹೇಳಿದರೆ, ಅವರನ್ನು ನಿಲ್ಲಿಸಿರುವ ಒಂದೇ ಒಂದು ಧೈರ್ಯವನ್ನು ನಾನೇ ಕಿತ್ತಂತೆ. ಬಡಿಸಿದರೆ ಅಪ್ಪನ ತಿಥಿ ಕೆಟ್ಟಂತೆ. ರಾಜ್ಯಗಳು ಬಿದ್ದಾಗ, ದಿಕ್ಕುಗಳು ಬದಲಾದಾಗ ನಗಾರಿ ಮೊಳಗುತ್ತದೆಂದು ನಾನು ಭಾವಿಸಿದ್ದೆ. ತಿರುವು ಹೀಗೂ ಬರುತ್ತದೆ ನೋಡಿ, ಸದ್ದಿಲ್ಲದೆ, ಸಾರಿನ ಮೇಲೆ ತೇಲಿಕೊಂಡು.

ಹೇಗೋ ಎಲೆಯ ಬಳಿ ಹೋಗಿ ಬಗ್ಗಿದಾಗ ಶಾಸ್ತ್ರಿಗಳು ಪಾತ್ರೆಯೊಳಗೆ ನೋಡಿದರು. ನನ್ನ ಮುಖ ನೋಡಿದರು. ಅಡುಗೆಮನೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಬಡಿಸಿ ಎಂಬಂತೆ ಕೈಸನ್ನೆ ಮಾಡಿದರು. ಬಡಿಸಿದೆ. ಮೂರು ತುತ್ತಿಗೆ ಅವರ ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಜೊತೆಗಿದ್ದವರಿಗೆ ಬಿಕ್ಕಳಿಕೆ ಹತ್ತಿತು. ಕೊನೆಗೆ ಕೈಮುಗಿದು, ವಿಧಿಯಂತೆ, ತೃಪ್ತಿಯಾಯಿತೇ ಎಂದು ಕೇಳಿದೆ. ಇಬ್ಬರೂ ಒಕ್ಕೊರಲಿನಿಂದ, "ತೃಪ್ತಾಃ ಸ್ಮಃ" ಎಂದರು.

ಕೈತೊಳೆಯುವಲ್ಲಿ ಶಾಸ್ತ್ರಿಗಳು ಮೆಲ್ಲಗೆ ಹೇಳಿದರು: "ಅಮ್ಮನಿಗೆ ಹೇಳ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ. ನನಗೆ ಸಂಜೆವರೆಗೆ ಹೊಟ್ಟೆ ಉರಿದೀತು, ಅಷ್ಟೇ. ಅವರಿಗೆ ಉರಿದ್ರೆ ಆರ್ಲಿಕ್ಕಿಲ್ಲ."

ಆದರೆ ಉಳಿದ ಸಾರು ಮನೆಯವರ ಪ್ರಸಾದ. ಅದನ್ನು ಅತ್ತೆಯ ಎಲೆಯಿಂದ ಯಾವ ನೆವ ಹೇಳಿ ತಪ್ಪಿಸಲಿ? ನನ್ನ ಹೆಂಡತಿ ಮೆಣಸಿನಕಾಯಿ ಚೂರುಗಳನ್ನೇನೋ ಎತ್ತಿ ಬಿಸುಟಿದ್ದಳು. ಖಾರವನ್ನು ಎತ್ತಿ ಬಿಸುಡಲಾಗುತ್ತದೆಯೇ?

ಅತ್ತೆ ಮೊದಲ ತುತ್ತು ಬಾಯಿಗಿಟ್ಟರು. ಅಗಿಯುವುದು ನಿಂತಿತು.

"ಇದಕ್ಕೆ ಮೆಣಸಿನಕಾಯಿ ಹಾಕಿದ್ಯಾರು?"

"ನಾನು, ಅತ್ತೆ," ಎಂದೆ. "ನೀವು ಪಾಯಸದ ಕಡೆ ತಿರುಗಿದ್ದಾಗ... ಒಗ್ಗರಣೆ ಸಾಲದೇನೋ ಅನ್ನಿಸಿ..."

"ನೀನಾ? ಅಪ್ಪನ ತಿಥಿಗೆ? ಬ್ಯಾಂಕಲ್ಲಿ ಕೂತೂ ಕೂತೂ ಬುದ್ಧಿ ಸವೆದು ಹೋಯ್ತೇನೋ ನಿನಗೆ! ಅವರಿಬ್ಬರೂ ಇದನ್ನೇ ಉಂಡ್ರಾ? ಅಯ್ಯೋ ರಾಮ!" ಬೈಗುಳ ಧಾರಾಕಾರವಾಗಿ ಸುರಿಯಿತು, ನನಗೆ ಪನ್ನೀರು ಎರೆದಂತಿತ್ತು. ಅವರ ಧೈರ್ಯ ಉಳಿಯಿತು ಅಂದುಕೊಂಡೆ.

ಬೈಯುತ್ತಲೇ ಅತ್ತೆ ಎಡಗೈಯಿಂದ ಕಣ್ಣೊರೆಸಿಕೊಂಡರು. ಕಣ್ಣು ಚುರ್ರೆಂದಿತೇನೋ, ಥಟ್ಟನೆ ಕೈ ಹಿಂದಕ್ಕೆಳೆದು, ಹೆಬ್ಬೆರಳನ್ನು ಮೂಗಿನ ಹತ್ತಿರ ಹಿಡಿದರು. ಒಣಮೆಣಸಿನಕಾಯಿಯನ್ನು ಎರಡೂ ಕೈಯಲ್ಲಿ ಮುರಿಯಬೇಕಲ್ಲ. ಅದರ ಘಾಟು ಬೆರಳಿನಿಂದ ಅಷ್ಟು ಬೇಗ ಬಿಡುವುದಿಲ್ಲ. ಅವರ ಮುಖದ ಮೇಲಿನ ರೋಷ ಹಾಗೇ ನಿಂತುಹೋಯಿತು. ತಮ್ಮ ಕೈಯನ್ನೇ, ಯಾರದ್ದೋ ಕೈಯೆಂಬಂತೆ, ಹೊರಳಿಸಿ ಹೊರಳಿಸಿ ನೋಡಿದರು. ಅದಿತಿ ಎಲೆಯಿಂದ ಕಣ್ಣೆತ್ತಲಿಲ್ಲ.

ಆಮೇಲೆ ಅತ್ತೆ ನನ್ನ ಕಡೆ ತಿರುಗಿದರು.

"ಬರೋ ವರ್ಷ ಒಲೆ ಮುಂದೆ ನೀನೇ ನಿಂತ್ಕೋ. ನಾನು ಪಕ್ಕದಲ್ಲಿ ಮಣೆ ಹಾಕ್ಕೊಂಡು ಕೂತು ಹೇಳಿಕೊಡ್ತೀನಿ. ಹೀಗೆ ಅಡುಗೆ ಮಾಡಿದ್ರೆ ಆಗಲ್ಲ."

"ಆಗಲಿ ಅತ್ತೆ."

"ಸರಿ, ಇನ್ನೊಂದು ಸೌಟು ಸಾರು ಹಾಕು," ಎಂದು ಅನ್ನದಲ್ಲಿ ಗುಳಿ ತೋಡಿ, "ನೀನೇ ತಾನೇ ಮಾಡಿದ್ದು?" ಎಂದರು.

ಹೌದೆಂದು ಹೇಳಿ ಬಡಿಸಿದೆ.