ಉಮರನ ಎಂಟು ಟಿಬಿ

ತಿಕೋಟಾದ ಉಮರ ಜಮಾದಾರ ಹುಟ್ಟಾ ಹೊಟ್ಟೆಕಿಚ್ಚಿನ ಮನುಷ್ಯನಲ್ಲ. ಅಥಣಿ ರಸ್ತೆಯ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ ಇಪ್ಪತ್ತೊಂದು ವರ್ಷದಿಂದ ಮಷಿನ್ ಆಪರೇಟರ್ ಆಗಿದ್ದ. ಜೊತೆಯವನಿಗೆ ಬಡ್ತಿ ಸಿಕ್ಕಾಗ ಪೇಢೆ ತಂದು ಹಂಚಿದವನು ಅವನೇ. ಇಡೀ ಜಿಲ್ಲೆಯಲ್ಲಿ ಅವನ ಕಣ್ಣಿಗೆ ಆಗದವರು ಒಬ್ಬರೇ, ವಿಜಯಪುರದ ಜಲನಗರ ಬಡಾವಣೆಯ ಹೇಮಂತ ಕುಲಕರ್ಣಿಯವರು.

ಇಬ್ಬರ ನಡುವೆ ಬಂದದ್ದು ರಿವಾಯತ್ ಪದಗಳು. ಮೊಹರಮ್ಮಿನಲ್ಲಿ ಹಾಡುವ ಈ ಪದಗಳನ್ನು ಉಮರ ಹನ್ನೆರಡು ವರ್ಷದಿಂದ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ವಾರದ ರಜೆ ಬಂದರೆ ಬೈಕ್ ಹತ್ತಿ ಬಬಲೇಶ್ವರದ ಬಾಬುಸಾಬನ ಮನೆಗೆ ಹೋಗುವುದೇ ಅವನ ಹಬ್ಬ. ಕಣ್ಣು ಮಂಜಾಗಿದ್ದ ಆ ಮುದುಕನ ಬಾಯಲ್ಲಿ ನೂರಾರು ಪದಗಳಿದ್ದವು. ಹೇಮಂತರು ವಿಜಯಪುರದ ಕಾಲೇಜೊಂದರಲ್ಲಿ ಕನ್ನಡ ಪ್ರಾಧ್ಯಾಪಕರು. ಅವರನ್ನು ಬಾಬುಸಾಬನ ಅಂಗಳಕ್ಕೆ ಮೊದಲ ಸಲ ಕರೆದುಕೊಂಡು ಹೋದವನು ಉಮರನೇ. ಎರಡು ವರ್ಷದಲ್ಲಿ ಹೇಮಂತರ ಪುಸ್ತಕ ಬಂತು, ಪೇಪರಿನಲ್ಲಿ ಫೋಟೋ ಬಂತು. ಪುಸ್ತಕದ ಮುನ್ನುಡಿಯಲ್ಲಿ ಉಮರನಿಗೆ ಸಿಕ್ಕದ್ದು ಒಂದು ಮಾತು, ‘ಸ್ಥಳೀಯ ಸಹಾಯಕರು’.

ಅಂದಿನಿಂದ ಅವನೊಳಗೆ ಏನೋ ಕೊರೆಯತೊಡಗಿತು. ಹೇಮಂತರು ಯೂಟ್ಯೂಬಿಗೆ ಹಾಕಿದ ಪದಗಳನ್ನು ಕಿವಿಗೊಟ್ಟು ಕೇಳಿ, ಎಲ್ಲಿ ನಾಯಿ ಬೊಗಳಿದೆ, ಎಲ್ಲಿ ನುಡಿ ತಪ್ಪಿದೆ ಎಂದು ಹುಡುಕುತ್ತಿದ್ದ. ತಪ್ಪು ಸಿಕ್ಕದ ದಿನ ಊಟ ರುಚಿಸುತ್ತಿರಲಿಲ್ಲ. ಒಮ್ಮೆ ಬಾಬುಸಾಬನ ಹೆಗಲ ಮೇಲೆ ಹೇಮಂತರು ಹೊದಿಸಿದ ಶಾಲು ಕಂಡು, ರೆಕಾರ್ಡರ್ ಹೊರಗೆ ತೆಗೆಯದೆಯೇ ವಾಪಸು ಬಂದಿದ್ದ.

ಕರ್ಬಲಾ ಯುದ್ಧದ ಹೊತ್ತಿನ ಖಾಸೀಮನ ಮದುವೆಯ ಪದವೊಂದಿತ್ತು, ನಲವತ್ತೆರಡು ನುಡಿಯದ್ದು. ಪೂರ್ತಿ ಬರುತ್ತಿದ್ದುದು ಬಾಬುಸಾಬನೊಬ್ಬನಿಗೆ. ಅದನ್ನು ಎರಡು ಮಧ್ಯಾಹ್ನ ಕೂತು ಹಾಡಿಸಿಕೊಂಡ ಮೇಲೆ ಉಮರ ದನಿ ತಗ್ಗಿಸಿ ಕೇಳಿಕೊಂಡ, “ಕಾಕಾ, ಇದನ್ನ ಹೇಮಂತ ಸರ್ ಮುಂದ ಹಾಡಬ್ಯಾಡ್ರಿ.”

“ಯಾಕೋ?”

“ಒಂದಾದ್ರೂ ನನ್ನ ಕಡೆ ಅಷ್ಟ ಇರ್ಲಿ.”

“ಆತು ಬಿಡು” ಅಂದ ಬಾಬುಸಾಬ. ಆ ಚಳಿಗಾಲದಲ್ಲೇ ತೀರಿಕೊಂಡ.

ಮಣ್ಣಾದ ವಾರದಲ್ಲಿ ಸುದ್ದಿ ಹೇಳಲು ಉಮರ ಜಲನಗರಕ್ಕೆ ಹೋಗಿದ್ದ. ಹೇಮಂತರ ಮೇಜಿನ ಮೇಲೆ ಕಂಪ್ಯೂಟರಿಗೆ ಜೋಡಿಸಿದ ಒಂದು ಕಪ್ಪು ಪೆಟ್ಟಿಗೆಯಿತ್ತು, ಅದರಲ್ಲಿ ಎರಡು ನೀಲಿ ದೀಪ.

“ಇದರಾಗ ಎರಡು ಡಿಸ್ಕ್ ಅವ, ಉಮರಭಾಯ್,” ಅಂದರು ಹೇಮಂತರು. “ಒಂದರಾಗ ಬರೆದದ್ದು ತಾನ ಇನ್ನೊಂದರಾಗೂ ಬರೀತದ. ಕನ್ನಡಿ ಇದ್ದಂಗ. ಒಂದು ಕೆಟ್ಟರೂ ಇನ್ನೊಂದು ಉಳೀತದ. ನೀವೂ ಒಂದು ತಗೋರಿ, ನಾ ಬಂದು ಹೊಂದಿಸಿ ಕೊಡ್ತೀನಿ.”

“ನೋಡೂಣ್ರಿ ಸರ” ಎಂದು ಉಮರ ಎದ್ದ. ಪೆಟ್ಟಿಗೆಯಲ್ಲಿ ಎಷ್ಟು ಹಿಡಿಯುತ್ತದೆ ಎಂಬ ಅಳತೆ ಪರದೆಯ ಮೇಲೆ ಕಾಣುತ್ತಿತ್ತು, ನಾಲ್ಕು ಟಿಬಿ, ಅಂದರೆ ಟೆರಾಬೈಟ್. ಅದನ್ನು ಮನಸ್ಸಿನಲ್ಲಿ ಬರೆದುಕೊಂಡೇ ಹೊರಬಿದ್ದ.

ಹದಿನೈದು ದಿನದಲ್ಲಿ ಅಂಥದೇ ಪೆಟ್ಟಿಗೆ ತಿಕೋಟಾಕ್ಕೆ ಬಂತು. ಹೇಮಂತರನ್ನು ಕರೆಯುವ ಮಾತೇ ಇರಲಿಲ್ಲ. ದೊಡ್ಡ ದೊಡ್ಡ ಕಂಪ್ರೆಸರ್ ನಡೆಸುವವನಿಗೆ ಇದೇನು ಮಹಾ ಎಂದುಕೊಂಡು ತಾನೇ ಕೂತ. ಲ್ಯಾಪ್‌ಟಾಪಿನ ಪರದೆ ಎರಡು ದಾರಿ ತೋರಿಸಿತು. ಒಂದರ ಮುಂದೆ ನಾಲ್ಕು ಟಿಬಿ, ಇನ್ನೊಂದರ ಮುಂದೆ ಎಂಟು. ಕೆಳಗೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದ ವಿವರಣೆಯಿತ್ತು. ಉಮರ ಅದನ್ನು ಓದಲಿಲ್ಲ. ಸರ್‌ದು ನಾಲ್ಕು ತಾನೆ ಎಂದುಕೊಂಡು ಎಂಟನ್ನು ಒತ್ತಿದ. ಎರಡು ಡಿಸ್ಕಿನ ಪೆಟ್ಟಿಗೆ ಎಂದ ಮೇಲೆ ಎರಡು ಪ್ರತಿ ಇದ್ದೇ ಇರುತ್ತವೆ ಎಂದು ಅವನ ಲೆಕ್ಕ. ಆರುನೂರು ಚಿಲ್ಲರೆ ಪದಗಳನ್ನು ಅದರೊಳಗೆ ಇಳಿಸಿ, ಮೆಮರಿ ಕಾರ್ಡುಗಳನ್ನೆಲ್ಲ ಅಳಿಸಿದ. ಹಳೆಯ ಲ್ಯಾಪ್‌ಟಾಪ್ ಮಾರಿ ಬೇರೆಯದು ತಂದ.

“ಸರ್ ಕಡೆ ಇದ್ದದ್ದಕ್ಕಿಂತ ಇದು ಎರಡ ಪಟ್ಟು ದೊಡ್ಡದು,” ಎಂದು ಹೆಂಡತಿ ಜುಲೇಖಾಳಿಗೆ ಹೇಳಿದ.

“ದೊಡ್ಡದ ತಗೊಂಡು ಏನ್ ಮಾಡಾವ್ರು? ಹಾಡು ಇದ್ದಷ್ಟ ಅದಾವಲ್ಲ,” ಅಂದಳು ಅವಳು.

ಒಂದು ವರ್ಷ ಎರಡು ತಿಂಗಳು ಪೆಟ್ಟಿಗೆ ತಣ್ಣಗೆ ನಡೆಯಿತು. ಒಂದು ಭಾನುವಾರ ಮುಂಜಾನೆ ಒಳಗಿನಿಂದ ಕಟ್ ಕಟ್ ಎಂದು ಸದ್ದು ಬಂತು, ಒಂದು ದೀಪ ಕೆಂಪಾಯಿತು, ಪದಗಳ ಪಟ್ಟಿ ಪರದೆಯಿಂದ ಮಾಯವಾಯಿತು. ಉಮರ ಗಾಬರಿಯಾಗಲಿಲ್ಲ. ಒಂದು ಹೋದರೆ ಇನ್ನೊಂದು ಇದೆಯಲ್ಲ ಎಂದು ಚಹಾ ಕುಡಿದೇ ವಿಜಯಪುರದ ಬಸ್ಸು ಹತ್ತಿದ.

ಕಂಪ್ಯೂಟರ್ ರಿಪೇರಿ ಅಂಗಡಿಯ ಮಿನಾಜ ಅವನ ಪರಿಚಯದವರ ಮಗಳು, ಕೆಲಸದಲ್ಲಿ ಚುರುಕು. ಡಿಸ್ಕು ಹೊರತೆಗೆದು ಅರ್ಧ ತಾಸು ನೋಡಿದಳು.

“ಚಾಚಾ, ಇದನ್ನ ಯಾರು ಹೊಂದಿಸಿದ್ರು?”

“ನಾನ.”

“ಇದರಾಗ ಕನ್ನಡಿ ಇಲ್ರಿ. ಎರಡೂ ಡಿಸ್ಕ್ ಕೂಡಿಸಿ ಒಂದ ಮಾಡೀರಿ. ಒಂದೊಂದು ಪದಾನೂ ತುಂಡು ಮಾಡಿ, ಒಂದು ತುಂಡು ಇದರಾಗ, ಒಂದು ತುಂಡು ಅದರಾಗ ಇಟ್ಟೈತಿ. ಈಗ ಉಳದದ್ದರಾಗ ಬರೇ ತುಂಡು ಅದಾವು.”

ಉಮರನಿಗೆ ಮಾತು ಅರ್ಥವಾಗಲು ಹೊತ್ತು ಹಿಡಿಯಿತು. “ಎಂಟು ತೋರಿಸಿತ್ತಲ್ಲವಾ” ಅಂದ.

“ಅದಕ್ಕ ಎಂಟು ತೋರಿಸೈತಿ, ಚಾಚಾ.”

ಪದಗಳನ್ನು ಹೊರತೆಗೆಸಲು ಕೆಟ್ಟ ಡಿಸ್ಕನ್ನು ಪುಣೆಗೆ ಕಳಿಸಿದರು. ಮೂರು ವಾರದ ನಂತರ ಅದು ಹಾಗೇ ಹಿಂದಕ್ಕೆ ಬಂತು, ಒಳಗಿನ ತಟ್ಟೆ ಗೀರಿಹೋಗಿದೆ, ಏನೂ ಬರುವುದಿಲ್ಲ ಎಂಬ ಚೀಟಿಯ ಜೊತೆ. ಕೊಡುವಾಗ ಮಿನಾಜ ಅಂದಳು, “ಕನ್ನಡಿ ಸರಿ ಇದ್ದಿದ್ರೂ ಅದೊಂದನ್ನ ನಂಬಬಾರದ್ರಿ. ಕೈತಪ್ಪಿ ಒಂದು ಅಳಿಸಿದ್ರ ಕನ್ನಡಿಯಾಗಿಂದೂ ಅಳೀತೈತಿ. ಪ್ರತಿ ಅಂದ್ರ ಬ್ಯಾರೆಯವರ ಮನ್ಯಾಗ ಇರಬೇಕು.”

ಬೇರೆಯವರ ಮನೆ ಎಂದರೆ ಯಾರ ಮನೆ ಎಂಬುದು ಉಮರನಿಗೆ ಗೊತ್ತಿತ್ತು. ಜುಲೇಖಾಳೂ ಅದನ್ನೇ ಹೇಳಿದಳು, “ಸರ್ ಕಡೆ ಒಂದಿಷ್ಟಾದ್ರೂ ಇರ್ತಾವು, ಹೋಗಿ ಕೇಳ್ರಿ.” ಒಂಬತ್ತು ದಿನ ಅವನು ಹೋಗಲಿಲ್ಲ. ಪದಗಳು ಹೋದ ದುಃಖದೊಳಗೆ ಇನ್ನೊಂದು ಉರಿ ಸೇರಿಕೊಂಡಿತ್ತು. ಜಲನಗರದಲ್ಲಿ ಆ ಎರಡು ನೀಲಿ ದೀಪ ಈಗಲೂ ಉರಿಯುತ್ತಿರುತ್ತವೆ. ಬಾಬುಸಾಬನ ದನಿ ಕೇಳಬೇಕೆಂದರೆ ಇನ್ನು ಅವರ ಬಾಗಿಲಿಗೇ ಹೋಗಿ ನಿಲ್ಲಬೇಕು. ಅವರ ಪೆಟ್ಟಿಗೆಯೂ ಕೆಡಬಾರದೇ ಎಂದು ಒಂದು ಕ್ಷಣ ಮನಸ್ಸಿಗೆ ಬಂತು. ಬಂದ ಕೂಡಲೇ ಅದನ್ನು ತಳ್ಳಿಹಾಕಿದ. ಅಲ್ಲಿರುವುದೂ ಬಾಬುಸಾಬನೇ ಅಲ್ಲವೇ. ಹತ್ತನೆಯ ದಿನ ಹೊರಟ.

ಹೇಮಂತರು ಪೂರ್ತಿ ಕೇಳಿಸಿಕೊಂಡರು. ನಗಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. “ನನ್ನ ಕಡೆ ನೂರಾ ನಲವತ್ತು ಪದ ಅವ, ಎಲ್ಲಾ ಒಯ್ಯಿರಿ,” ಅಂದರು. ಆ ಒಳ್ಳೆಯತನವೇ ಉಮರನಿಗೆ ಇನ್ನಷ್ಟು ಚುಚ್ಚಿತು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಖಾಸೀಮನ ಮದುವಿ ಪದ ನಿಮ್ಮ ಕಡೆ ಇತ್ತೋ ಹೆಂಗ?” ಹೇಮಂತರು ಕೇಳಿದರು. “ನಾ ಕೇಳಿದಾಗೆಲ್ಲ ಬಾಬುಸಾಬ, ಮರ್ತೀನಿ ಅಂತಿದ್ದ.”

ಉಮರ ಹೇಳಿಬಿಟ್ಟ, “ಮರ್ತಿದ್ದಿಲ್ರಿ ಸರ. ನಾನ ಹಾಡಬ್ಯಾಡ್ರಿ ಅಂದಿದ್ದೆ.”

ಹೇಮಂತರ ಮುಖ ಬಿಳುಪೇರಿತು. “ನಿಮ್ಮ ಕಡೆನೂ ಇಲ್ಲ ಈಗ?”

“ಇಲ್ರಿ.”

ಅವರು ಎದ್ದು ಒಳಗೆ ಹೋದರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಉಮರ ಚಪ್ಪಲಿ ಮೆಟ್ಟುತ್ತಿರುವಾಗ ರೆಕಾರ್ಡರ್ ಹಿಡಿದು ಬಂದು ಕೂತರು. “ನಿಮಗ ಎಷ್ಟು ನೆನಪದ ಅಷ್ಟು ಹಾಡ್ರಿ,” ಅಂದರು. ದನಿ ಗಡುಸಾಗಿತ್ತು.

ಉಮರ ಎಂದೂ ಹಾಡಿದವನಲ್ಲ. ಧಾಟಿ ತಪ್ಪಿತು. ಹನ್ನೊಂದು ನುಡಿ ನೆನಪಾದವು. ಮುಂದಿನ ಶುಕ್ರವಾರ ಇಬ್ಬರೂ ಒಂದೇ ಬೈಕಿನಲ್ಲಿ ಬಬಲೇಶ್ವರಕ್ಕೆ ಹೋದರು. ಬಾಬುಸಾಬನ ಹಿಂದೆ ದನಿಗೂಡಿಸುತ್ತಿದ್ದ ಮುದುಕ ಪಾಂಡು ನೆನಪು ಕೆದಕಿ ಆರು ನುಡಿ ಕೊಟ್ಟ. ಉಳಿದ ಇಪ್ಪತ್ತೈದು ಯಾರ ಬಾಯಲ್ಲೂ ಸಿಗಲಿಲ್ಲ.

ಈಗ ಉಮರ ರೆಕಾರ್ಡ್ ಮಾಡಿದ್ದೆಲ್ಲ ಮೂರು ಕಡೆ ಇರುತ್ತದೆ: ತನ್ನ ಮನೆಯಲ್ಲಿ, ಮಿನಾಜಳ ಅಂಗಡಿಯಲ್ಲಿ, ಹೇಮಂತರ ಮೇಜಿನ ಮೇಲೆ. ತಿಂಗಳಿಗೊಮ್ಮೆ ಮೂರನ್ನೂ ತೆರೆದು ಒಂದೊಂದು ಪದ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾನೆ. ಆ ಶುಕ್ರವಾರ ಬಬಲೇಶ್ವರದಿಂದ ಹೊರಡುವಾಗ ಪಾಂಡು, “ಸರ್ ಎಷ್ಟ ಚಂದ ಮಾತಾಡ್ತಾರ್ರಿ” ಎಂದದ್ದು ದಾರಿಯುದ್ದಕ್ಕೂ ಉಮರನನ್ನು ಕೊರೆಯುತ್ತಿತ್ತು. ಜಲನಗರದಲ್ಲಿ ಹೇಮಂತರನ್ನು ಇಳಿಸಿ, ಪಾಂಡುವಿನ ಆರು ನುಡಿ ಇದ್ದ ಮೆಮರಿ ಕಾರ್ಡನ್ನು ಕಿಸೆಯಿಂದ ತೆಗೆದು ಅವರ ಕೈಗಿಟ್ಟ.

“ಇದನ್ನ ಮೊದಲ ನೀವ ಇಳಿಸ್ಕೋರಿ, ಸರ,” ಅಂದ.